ಕಾನೂನು ಮುರಿದು ತಂದ ಸಾಕ್ಷ್ಯಕ್ಕೆ ನ್ಯಾಯಾಲಯದಲ್ಲಿ ಜಾಗವಿದೆಯೇ?

ವಾರಂಟ್ ಇಲ್ಲದೆ ಮನೆಗೆ ನುಗ್ಗಿದ ಪೊಲೀಸರಿಗೆ ಬೀರುವಿನಲ್ಲಿ ಪಿಸ್ತೂಲು ಸಿಗುತ್ತದೆ. ನುಗ್ಗಿದ್ದು ತಪ್ಪು, ಪಿಸ್ತೂಲು ಸಿಕ್ಕಿದ್ದು ನಿಜ. ವಿಚಾರಣೆಯ ದಿನ ಸರ್ಕಾರಿ ಅಭಿಯೋಜಕರು ಅದನ್ನು ನ್ಯಾಯಾಧೀಶರ ಮುಂದಿಡುತ್ತಾರೆ. ಆರೋಪಿಯ ವಕೀಲರು ಎದ್ದು ನಿಂತು, ಇದನ್ನು ತಂದ ದಾರಿಯೇ ಅಕ್ರಮ ಎಂದು ಆಕ್ಷೇಪಿಸುತ್ತಾರೆ. ನ್ಯಾಯಾಧೀಶರು ಪಿಸ್ತೂಲನ್ನು ನೋಡಬೇಕೇ, ಕಣ್ಣು ಮುಚ್ಚಿಕೊಳ್ಳಬೇಕೇ?

ಭಾರತದ ನ್ಯಾಯಾಲಯಗಳ ಉತ್ತರ ಹಲವರಿಗೆ ಅಚ್ಚರಿ ತರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಅವು ಪಿಸ್ತೂಲನ್ನು ನೋಡುತ್ತವೆ. ಅಕ್ರಮ ಶೋಧದಲ್ಲಿ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ಹೊರಗೆಸೆಯಬೇಕೆಂಬ ಸಾಮಾನ್ಯ ನಿಯಮ ನಮ್ಮಲ್ಲಿಲ್ಲ. ಆದರೆ ಇದೇ ಕಾನೂನು, ಪೊಲೀಸರ ಮುಂದೆ ಆರೋಪಿ ಬಾಯಿಬಿಟ್ಟು ಹೇಳಿದ ತಪ್ಪೊಪ್ಪಿಗೆಯನ್ನು ಬಾಗಿಲ ಬಳಿಗೂ ಬಿಟ್ಟುಕೊಳ್ಳುವುದಿಲ್ಲ. ಈ ಎರಡರ ನಡುವಿನ ಅಂತರ ಅರ್ಥವಾದರೆ ವಿಷಯದ ಬಹುಭಾಗ ಅರ್ಥವಾದಂತೆ.

ಇದು ವಕೀಲರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಾಗಿ ಉಳಿದಿಲ್ಲ. 2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದಿವೆ. 1872ರ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಈಗ ಭಾರತೀಯ ಸಾಕ್ಷ್ಯ ಅಧಿನಿಯಮವಿದೆ. ಹಿಂದೆ ತನಿಖಾಧಿಕಾರಿ ಮನೆಯ ಕಪಾಟು ತೆರೆಯುತ್ತಿದ್ದ. ಇಂದು ಮೊದಲು ಮೊಬೈಲ್ ಕೇಳುತ್ತಾನೆ. ಕಪಾಟಿನಲ್ಲಿ ಇರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಬದುಕು ಅದರಲ್ಲಿದೆ.

ತಪ್ಪುಗಳೆಲ್ಲ ಒಂದೇ ತೂಕದವಲ್ಲ

‘ಅಕ್ರಮವಾಗಿ ಪಡೆದ ಸಾಕ್ಷ್ಯ’ ಎಂಬ ಒಂದೇ ಹೆಸರಿನ ಅಡಿಯಲ್ಲಿ ಬಹಳ ಬೇರೆಬೇರೆ ಸಂಗತಿಗಳು ಸೇರಿಕೊಂಡಿವೆ. ಜಪ್ತಿಯ ಪಟ್ಟಿಯಲ್ಲಿ ಸಮಯ ಬರೆಯಲು ಮರೆತದ್ದು ಒಂದು ಬಗೆ. ಶೋಧದ ವೇಳೆ ಸ್ಥಳೀಯರಾದ ಇಬ್ಬರು ಪಂಚರು ಹಾಜರಿರಬೇಕೆಂಬ ನಿಯಮವಿದ್ದರೂ ಯಾರನ್ನೂ ಕರೆಯದೆ ಮಹಜರು ಬರೆದದ್ದು ಅದಕ್ಕಿಂತ ಗಂಭೀರ. ಅಧಿಕಾರವೇ ಇಲ್ಲದವರು ಶೋಧ ನಡೆಸಿದ್ದು, ಅನುಮತಿಯಿಲ್ಲದೆ ದೂರವಾಣಿ ಕದ್ದಾಲಿಸಿದ್ದು ಇನ್ನೂ ಗಂಭೀರ. ಠಾಣೆಯಲ್ಲಿ ಹೊಡೆದು ಬಡಿದು ಮಾಹಿತಿ ಹೊರಡಿಸಿದ್ದು ಎಲ್ಲಕ್ಕಿಂತ ಘೋರ. ಮೊದಲನೆಯದಕ್ಕೆ ಆರೋಪಿಯನ್ನು ಬಿಡುಗಡೆ ಮಾಡಿದರೆ ಜನ ಒಪ್ಪಲಾರರು, ಕೊನೆಯದನ್ನು ಕ್ಷಮಿಸಿದರೆ ನ್ಯಾಯಾಲಯಕ್ಕೇ ಕಳಂಕ. ಇವುಗಳ ನಡುವೆ ಗೆರೆ ಎಲ್ಲಿ ಎಳೆಯಬೇಕು ಎಂಬುದರಲ್ಲೇ ದೇಶಗಳು ಭಿನ್ನವಾಗುತ್ತವೆ.

ಒಳಗೆ ಬರುವುದು ಬೇರೆ, ನಂಬಿಕೆ ಗಳಿಸುವುದು ಬೇರೆ

ಮುಂದೆ ಹೋಗುವ ಮೊದಲು ಒಂದು ವ್ಯತ್ಯಾಸವನ್ನು ಗಟ್ಟಿಮಾಡಿಕೊಳ್ಳಬೇಕು. ಸಾಕ್ಷ್ಯ ‘ಅಂಗೀಕಾರಾರ್ಹ’ ಎಂದರೆ ನ್ಯಾಯಾಲಯ ಅದನ್ನು ಪರಿಶೀಲನೆಗೆ ತೆಗೆದುಕೊಳ್ಳಬಹುದು ಎಂದಷ್ಟೇ ಅರ್ಥ. ಅದನ್ನು ನಂಬಬೇಕೇ, ಎಷ್ಟು ನಂಬಬೇಕು ಎಂಬುದು ನಂತರದ ಪ್ರಶ್ನೆ. ಹಾಲ್ ಟಿಕೆಟ್ ಇದ್ದವರಿಗೆ ಪರೀಕ್ಷಾ ಕೊಠಡಿಯೊಳಗೆ ಪ್ರವೇಶ ಸಿಗುತ್ತದೆ, ಅಂಕ ಸಿಗುವುದು ಉತ್ತರಪತ್ರಿಕೆಯ ಮೇಲೆ. ಹಾಗೆಯೇ ಒಳಗೆ ಬಂದ ಸಾಕ್ಷ್ಯ ಪಾಟೀ ಸವಾಲಿನಲ್ಲಿ ಪುಡಿಯಾಗಿ ಹೋಗಬಹುದು.

ಭಾರತದಲ್ಲಿ ಅಕ್ರಮ ಶೋಧದ ಪರಿಣಾಮ ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಎರಡನೆಯ ಹಂತದಲ್ಲಿ. ಉತ್ತರ ಪ್ರದೇಶದ ಅಂಚೆ ಪೇದೆಯೊಬ್ಬರ ಮನೆಯ ಶೋಧಕ್ಕೆ ಸಂಬಂಧಿಸಿದ 1963ರ ರಾಧಾಕಿಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಶೋಧ ಅಕ್ರಮವಾಗಿದ್ದರೆ ಮನೆಯವರು ಅದನ್ನು ತಡೆಯಬಹುದು, ಜಪ್ತಿಯ ಬಗೆಗಿನ ಸಾಕ್ಷ್ಯವನ್ನು ನ್ಯಾಯಾಲಯ ಹೆಚ್ಚು ಎಚ್ಚರದಿಂದ ಪರೀಕ್ಷಿಸಬಹುದು. ಆದರೆ ಅಷ್ಟರಿಂದಲೇ ಜಪ್ತಿ ರದ್ದಾಗುವುದಿಲ್ಲ. ಮನೆಯವರು ತಡೆಯಬಹುದು ಎಂಬ ಮಾತು ಕಾಗದದ ಮೇಲೆ ಚೆನ್ನಾಗಿದೆ. ಬಾಗಿಲಲ್ಲಿ ಸಮವಸ್ತ್ರ ನಿಂತಾಗ ಎಷ್ಟು ಜನ ತಡೆದಾರು ಎಂಬುದನ್ನು ಓದುಗರೇ ಊಹಿಸಬಹುದು.

ಎರಡು ಗುಂಡುಗಳು ಮತ್ತು ಒಂದು ಮರಣದಂಡನೆ

ಈ ನಿಲುವು ಇಂಗ್ಲೆಂಡಿನಿಂದ ಬಂದದ್ದು. ಸಾಕ್ಷ್ಯ ಹೇಗೆ ಸಿಕ್ಕಿತು ಎಂಬುದು ಮುಖ್ಯವಲ್ಲ, ಕದ್ದು ತಂದಿದ್ದರೂ ಸ್ವೀಕರಿಸಬಹುದು ಎಂದು ಅಲ್ಲಿನ ನ್ಯಾಯಾಧೀಶರೊಬ್ಬರು 1861ರಲ್ಲೇ ಹೇಳಿದ್ದರು. ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ತೀರ್ಪು 1955ರದ್ದು. ಬ್ರಿಟಿಷ್ ಆಳ್ವಿಕೆಯ ಕೀನ್ಯಾದಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಕುರುಮ ಎಂಬಾತನನ್ನು ಪೊಲೀಸರು ತಡೆದು ಶೋಧಿಸಿದರು. ಆತನ ಬಳಿ ಎರಡು ಗುಂಡುಗಳು ಸಿಕ್ಕವೆಂಬುದು ಆರೋಪ. ಅನುಮತಿಯಿಲ್ಲದೆ ಮದ್ದುಗುಂಡು ಇಟ್ಟುಕೊಂಡವರಿಗೆ ಅಲ್ಲಿ ಮರಣದಂಡನೆ. ಹಾಗೆ ಶೋಧಿಸುವ ಅಧಿಕಾರ ಇದ್ದದ್ದು ಅಸಿಸ್ಟೆಂಟ್ ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನವರಿಗೆ ಮಾತ್ರ, ಆತನನ್ನು ಶೋಧಿಸಿದವರು ಆ ದರ್ಜೆಗಿಂತ ಕೆಳಗಿನವರು. ಬ್ರಿಟಿಷ್ ವಸಾಹತುಗಳ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಪ್ರಕರಣ ಬಂತು. ಸಾಕ್ಷ್ಯ ಪ್ರಕರಣಕ್ಕೆ ಸಂಬಂಧಪಟ್ಟಿದೆಯೇ ಎಂಬುದಷ್ಟೇ ಪರೀಕ್ಷೆ, ಅದು ಹೇಗೆ ಸಿಕ್ಕಿತು ಎಂಬುದು ನ್ಯಾಯಾಲಯದ ಚಿಂತೆಯಲ್ಲ ಎಂದು ತೀರ್ಪಾಯಿತು. ನಿಯಮಗಳನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ ಆರೋಪಿಗೆ ಅನ್ಯಾಯವಾಗುವಂತಿದ್ದರೆ ಸಾಕ್ಷ್ಯವನ್ನು ನಿರಾಕರಿಸುವ ವಿವೇಚನೆ ನ್ಯಾಯಾಧೀಶರಿಗಿದೆ ಎಂಬ ಮಾತನ್ನೂ ಸೇರಿಸಲಾಯಿತು. ಕುರುಮನ ಮೇಲ್ಮನವಿ ಮಾತ್ರ ವಜಾ ಆಯಿತು.

ಸ್ವತಂತ್ರ ಭಾರತ ಇದೇ ದಾರಿ ಹಿಡಿಯಿತು. ಮುಂಬೈಯ ಅಪಮೃತ್ಯು ವಿಚಾರಣಾಧಿಕಾರಿ, ಅಂದರೆ ಕಾರೊನರ್ ಆಗಿದ್ದ ಆರ್.ಎಂ. ಮಲ್ಕಾನಿ ಅವರ ಮೇಲೆ ವೈದ್ಯರೊಬ್ಬರಿಂದ ಲಂಚ ಕೇಳಿದ ಆರೋಪವಿತ್ತು. ಮಧ್ಯವರ್ತಿಯಾಗಿದ್ದ ಇನ್ನೊಬ್ಬ ವೈದ್ಯರ ಒಪ್ಪಿಗೆಯಿಂದ ಪೊಲೀಸರು ಅವರ ದೂರವಾಣಿಗೆ ಧ್ವನಿಮುದ್ರಣ ಯಂತ್ರ ಜೋಡಿಸಿ ಮಾತುಕತೆಯನ್ನು ಹಿಡಿದಿಟ್ಟರು. 1972ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಧ್ವನಿಮುದ್ರಿಕೆಯನ್ನು ಒಪ್ಪಿತು. ಮರುವರ್ಷದ ಕೊನೆಯಲ್ಲಿ, ಆದಾಯ ತೆರಿಗೆ ಶೋಧಗಳಿಗೆ ಸಂಬಂಧಿಸಿದ ಪೂರಣ್ ಮಲ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ನಿಯಮಕ್ಕೆ ಇನ್ನಷ್ಟು ಬಲ ಕೊಟ್ಟಿತು. ಶೋಧ ಅಕ್ರಮ ಎಂಬ ಕಾರಣಕ್ಕೆ ಸಂಬಂಧಪಟ್ಟ ಸಾಕ್ಷ್ಯವನ್ನು ತಳ್ಳಿಹಾಕಬೇಕೆಂದು ನಮ್ಮ ಸಂವಿಧಾನವಾಗಲಿ ಸಾಕ್ಷ್ಯ ಕಾಯ್ದೆಯಾಗಲಿ ಹೇಳುವುದಿಲ್ಲ ಎಂದಿತು. ಸಂಸತ್ ದಾಳಿ ಪ್ರಕರಣದ 2005ರ ತೀರ್ಪಿನಲ್ಲಿಯೂ ದೂರವಾಣಿ ಕದ್ದಾಲಿಕೆಯ ನಿಯಮಪಾಲನೆಯಲ್ಲಿ ಕೊರತೆಯಿದ್ದ ಮಾತ್ರಕ್ಕೆ ಸಾಕ್ಷ್ಯ ಬಿದ್ದುಹೋಗದು ಎಂಬ ಇದೇ ತರ್ಕ ಬಂದಿದೆ.

ಇದರ ಹಿಂದಿನ ವಾದ ಹಗುರವಾದದ್ದಲ್ಲ. ವಿಚಾರಣೆ ನಡೆಯುವುದು ಸತ್ಯ ತಿಳಿಯಲು. ಪೊಲೀಸರ ತಪ್ಪಿಗೆ ಪೊಲೀಸರನ್ನು ಶಿಕ್ಷಿಸಲಿ, ಅದಕ್ಕಾಗಿ ಕೊಲೆಗಾರನನ್ನು ಏಕೆ ಬಿಡಬೇಕು? ಸತ್ತವನ ಮನೆಯವರು ಯಾವ ನಿಯಮವನ್ನೂ ಮುರಿದಿಲ್ಲವಲ್ಲ!

ವಿಷವೃಕ್ಷದ ಫಲ

ಅಮೆರಿಕ ಇದಕ್ಕೆ ಪೂರ್ಣ ವಿರುದ್ಧವಾದ ಉತ್ತರ ಕೊಟ್ಟಿತು. 1957ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಡಾಲ್ರೀ ಮ್ಯಾಪ್ ಎಂಬ ಮಹಿಳೆಯ ಮನೆಗೆ ಪೊಲೀಸರು ಬಂದರು. ಬಾಂಬ್ ಸ್ಫೋಟವೊಂದರ ಸಂಬಂಧ ಬೇಕಾಗಿದ್ದ ವ್ಯಕ್ತಿ ಅಲ್ಲಿ ಅಡಗಿದ್ದಾನೆಂಬ ಸುಳಿವು ಅವರಿಗಿತ್ತು. ವಾರಂಟ್ ಇಲ್ಲದೆ ಬಿಡುವುದಿಲ್ಲ ಎಂದು ಆಕೆ ಬಾಗಿಲಲ್ಲೇ ತಡೆದರು. ಕೆಲವು ಗಂಟೆಗಳ ನಂತರ ಅವರು ಬಾಗಿಲು ಒಡೆದು ಒಳನುಗ್ಗಿದರು. ವಾರಂಟ್ ಎಲ್ಲಿ ಎಂದು ಕೇಳಿದಾಗ ಒಬ್ಬ ಅಧಿಕಾರಿ ಕಾಗದವೊಂದನ್ನು ಎತ್ತಿ ತೋರಿಸಿದ. ಆಕೆ ಅದನ್ನು ಕಿತ್ತುಕೊಂಡು ರವಿಕೆಯೊಳಗೆ ಸೇರಿಸಿದರು. ಪೊಲೀಸರು ಬಲವಂತದಿಂದ ಅದನ್ನು ಮರಳಿ ಪಡೆದು ಕೈಕೋಳ ಹಾಕಿದರು. ಆ ಕಾಗದ ನ್ಯಾಯಾಲಯಕ್ಕೆ ಬರಲೇ ಇಲ್ಲ. ಮನೆಯಲ್ಲೆಲ್ಲ ಹುಡುಕಿ ಸಿಕ್ಕಿದ್ದು ಅಶ್ಲೀಲವೆನ್ನಲಾದ ಕೆಲವು ಪುಸ್ತಕಗಳು, ಚಿತ್ರಗಳು. ಅವುಗಳಿಗಾಗಿ ಆಕೆಗೆ ಶಿಕ್ಷೆಯಾಯಿತು.

1961ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಸಂವಿಧಾನ ಮುರಿದು ಪಡೆದ ಸಾಕ್ಷ್ಯವನ್ನು ಕೇಂದ್ರದ ನ್ಯಾಯಾಲಯಗಳಲ್ಲಿ ಬಳಸಬಾರದೆಂಬ ನಿಯಮ 1914ರಿಂದಲೇ ಇತ್ತು. ಈ ತೀರ್ಪಿನಿಂದ ಅದು ರಾಜ್ಯಗಳ ನ್ಯಾಯಾಲಯಗಳಿಗೂ ಅನ್ವಯವಾಯಿತು. ಅಕ್ರಮದಿಂದ ಲಾಭವಿಲ್ಲ ಎಂದು ಗೊತ್ತಾದರೆ ಮಾತ್ರ ಪೊಲೀಸರು ಅಕ್ರಮ ಬಿಡುತ್ತಾರೆ ಎಂಬುದು ಇದರ ಮುಖ್ಯ ತರ್ಕ. ನೇರವಾಗಿ ಸಿಕ್ಕಿದ ವಸ್ತುವಷ್ಟೇ ಅಲ್ಲ, ಅದರಿಂದ ಮುಂದೆ ಸಿಕ್ಕಿದ ಸುಳಿವುಗಳೂ ತಿರಸ್ಕಾರಕ್ಕೆ ಅರ್ಹ. ಮರವೇ ವಿಷವಾದರೆ ಹಣ್ಣೂ ವಿಷ ಎಂಬ ಅರ್ಥದಲ್ಲಿ ಇದಕ್ಕೆ ‘ವಿಷವೃಕ್ಷದ ಫಲ’ ಎಂಬ ಹೆಸರು ಬಂತು.

ಅಲ್ಲಿಯೂ ಮುಂದೆ ನಿಯಮ ಸಡಿಲಾಯಿತು. ಅಧಿಕಾರಿ ಪ್ರಾಮಾಣಿಕವಾಗಿ ನಂಬಿದ ವಾರಂಟ್ ನಂತರ ದೋಷಪೂರಿತವೆಂದು ಕಂಡುಬಂದರೆ ಸಾಕ್ಷ್ಯ ಉಳಿಯುತ್ತದೆ. ಕ್ರಮಬದ್ಧ ತನಿಖೆಯಿಂದಲೂ ಅದು ಹೇಗಿದ್ದರೂ ಸಿಕ್ಕೇ ಸಿಗುತ್ತಿತ್ತು ಎಂದು ತೋರಿಸಿದರೂ ಉಳಿಯುತ್ತದೆ. ಈ ಎರಡೂ ವಿನಾಯಿತಿಗಳು 1984ರ ತೀರ್ಪುಗಳಿಂದ ಬಂದವು.

ಮಾತಿಗೆ ಒಂದು ನ್ಯಾಯ, ವಸ್ತುವಿಗೆ ಇನ್ನೊಂದು

ಇನ್ನು ನಮ್ಮ ಕಾನೂನಿನ ಅತ್ಯಂತ ಸ್ವಾರಸ್ಯದ, ಅಷ್ಟೇ ಇಕ್ಕಟ್ಟಿನ ಭಾಗ. 1855ರಲ್ಲಿ ಮದ್ರಾಸ್ ಪ್ರಾಂತದಲ್ಲಿ ಚಿತ್ರಹಿಂಸೆಯ ಆರೋಪಗಳ ವಿಚಾರಣೆಗೆ ನೇಮಕವಾಗಿದ್ದ ಆಯೋಗ ವರದಿ ಕೊಟ್ಟಿತು. ಕಂದಾಯ ವಸೂಲಿಗೂ ಪೊಲೀಸ್ ತನಿಖೆಗೂ ಹಿಂಸೆ ಬಳಕೆಯಾಗುತ್ತಿದ್ದುದನ್ನು ಅದು ದಾಖಲಿಸಿತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಬಾರದೆಂಬ ನಿಯಮ 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಬಂತು, 1872ರಲ್ಲಿ ಸಾಕ್ಷ್ಯ ಕಾಯ್ದೆಗೆ ಸೇರಿತು. ಹೊಸ ಅಧಿನಿಯಮದಲ್ಲಿ ಅದು 23ನೇ ಕಲಂ. ಹೊಡೆದರೋ ಇಲ್ಲವೋ ಎಂಬ ವಿಚಾರಣೆಯೇ ಇಲ್ಲಿ ಬೇಕಿಲ್ಲ. ಪೊಲೀಸರ ಮುಂದೆ ಹೇಳಿದ್ದು ಎಂದರೆ ಮುಗಿಯಿತು, ಅದು ಹೊರಗೆ.

ಆದರೆ ಅದೇ ಕಲಮಿಗೆ ಒಂದು ಕಿಟಕಿ ಇದೆ. ಕಸ್ಟಡಿಯಲ್ಲಿರುವ ಆರೋಪಿಯ ಮಾಹಿತಿಯಿಂದ ಯಾವುದಾದರೂ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ಮಾತ್ರ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು. ಹಳೆಯ ಕಾಯ್ದೆಯ ಪ್ರಸಿದ್ಧ 27ನೇ ಕಲಂ ಇದೇ. ಇದರ ಗಡಿಯನ್ನು ಗುರುತಿಸಿದ್ದು 1947ರ ಪುಲುಕುರಿ ಕೊಟ್ಟಯ್ಯ ಪ್ರಕರಣದ ತೀರ್ಪು. ಅದು ಕೊಟ್ಟ ಉದಾಹರಣೆ ಸರಳ. ‘ನನ್ನ ಮನೆಯ ಸೂರಿನಲ್ಲಿ ಬಚ್ಚಿಟ್ಟ ಚಾಕುವನ್ನು ತೋರಿಸುತ್ತೇನೆ’ ಎಂದು ಆರೋಪಿ ಹೇಳಿ, ಚಾಕು ಅಲ್ಲಿ ಸಿಕ್ಕರೆ ಆ ಮಾತು ಸಾಕ್ಷ್ಯ. ‘ನಾನು ಇಂಥವನನ್ನು ಇರಿದ’ ಎಂಬ ಮಾತನ್ನು ಚಾಕುವಿಗೆ ಸೇರಿಸಿದ್ದರೆ ಆ ಭಾಗ ಸಾಕ್ಷ್ಯವಲ್ಲ. ಪತ್ತೆಯಾದ ಸಂಗತಿ ಚಾಕು ಅಲ್ಲಿದೆ ಮತ್ತು ಅಲ್ಲಿರುವುದು ಆತನಿಗೆ ಗೊತ್ತಿತ್ತು ಎಂಬುದಷ್ಟೇ. ಅದರಿಂದ ಇರಿದನೆಂಬುದು ಪತ್ತೆಯಾಗಲಿಲ್ಲ.

ನಮ್ಮ ದೋಷಾರೋಪ ಪಟ್ಟಿಗಳಲ್ಲಿ ಕಾಣುವ ‘ಸ್ವಇಚ್ಛಾ ಹೇಳಿಕೆ’ಯ ಹುಟ್ಟು ಇಲ್ಲಿದೆ. ಹೇಳಿಕೆ ಪುಟಗಟ್ಟಲೆ ಇರುತ್ತದೆ. ನ್ಯಾಯಾಲಯದಲ್ಲಿ ನಿಶಾನೆಯಾಗಬೇಕಾದದ್ದು, ಅಂದರೆ ಸಾಕ್ಷ್ಯವೆಂದು ಗುರುತಾಗಬೇಕಾದದ್ದು, ಅದರೊಳಗಿನ ಒಂದೆರಡು ವಾಕ್ಯ. ಉಳಿದದ್ದನ್ನು ನ್ಯಾಯಾಧೀಶರು ಬದಿಗಿಡಬೇಕು. ಆದರೆ ಬಂಧನದ ಮರುದಿನವೇ ‘ತಪ್ಪೊಪ್ಪಿಕೊಂಡ ಆರೋಪಿ’ ಎಂದು ಸುದ್ದಿಯಲ್ಲಿ ಬರುವುದು ಸಾಮಾನ್ಯವಾಗಿ ಈ ಉಳಿದ ಭಾಗವೇ. ವಿಚಾರಣೆಯಲ್ಲಿ ಆ ತಪ್ಪೊಪ್ಪಿಗೆಗೆ ಬೆಲೆಯಿಲ್ಲ ಎಂದು ತಿಳಿಯದ ಓದುಗರು, ಮುಂದೆ ಆರೋಪಿ ಖುಲಾಸೆಯಾದಾಗ ನ್ಯಾಯಾಲಯವೇ ಸೋತಿತೆಂದು ಭಾವಿಸುತ್ತಾರೆ.

ಇಕ್ಕಟ್ಟು ಎಲ್ಲಿದೆ ಎಂದರೆ, ಹೊಡೆದು ಪಡೆದ ಮಾಹಿತಿಯಿಂದಲೇ ಚಾಕು ಸಿಕ್ಕರೆ? ಯಾವ ಆರೋಪಿಯನ್ನೂ ತನ್ನ ವಿರುದ್ಧವೇ ಸಾಕ್ಷ್ಯ ನುಡಿಯುವಂತೆ ಬಲವಂತಪಡಿಸಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಬಲವಂತ ನಡೆದಿದ್ದರೆ ಈ ಕಿಟಕಿಯ ಮೂಲಕವೂ ಆ ಮಾತು ಒಳಬರುವಂತಿಲ್ಲ ಎಂದು 1961ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕಾಥಿ ಕಾಲು ಓಘಡ್ ಪ್ರಕರಣದಲ್ಲಿ ಹೇಳಿದೆ. ನಿಯಮ ಒಳ್ಳೆಯದೇ. ಆದರೆ ಬಲವಂತ ನಡೆಯಿತೆಂದು ತೋರಿಸಬೇಕಾದವನು ಆ ಹೊತ್ತಿನಲ್ಲಿ ಠಾಣೆಯೊಳಗಿದ್ದವನು, ಸುತ್ತಲೂ ಇದ್ದವರು ಪೊಲೀಸರು ಮಾತ್ರ. ಹಿಂಸೆಗೆ ಆಮಿಷವಾಗಿ ಕೆಲಸ ಮಾಡುವುದು ಈ ಕಿಟಕಿಯೇ ಎಂಬ ಟೀಕೆ ಬಹಳ ಹಳೆಯದು, ಅದರಲ್ಲಿ ಹುರುಳಿದೆ ಎಂದೇ ನನಗೂ ಅನ್ನಿಸುತ್ತದೆ.

ಮಂಪರು ಪರೀಕ್ಷೆ ಮತ್ತು ಮಾದಕ ವಸ್ತು

ಎರಡು ಕಡೆ ನಮ್ಮ ನ್ಯಾಯಾಲಯಗಳು ಬಾಗಿಲನ್ನು ಬಿಗಿಯಾಗಿಯೇ ಹಾಕಿವೆ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮತ್ತು ಬ್ರೈನ್ ಮ್ಯಾಪಿಂಗ್ ಅನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸುವಂತಿಲ್ಲ ಎಂದು 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಹೆಸರಿನ ಪ್ರಕರಣವದು. ಒಪ್ಪಿಗೆ ಕೊಟ್ಟಿದ್ದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು, ಏಕೆಂದರೆ ಔಷಧದ ಅಮಲಿನಲ್ಲಿ ಉತ್ತರಿಸುವವನಿಗೆ ತನ್ನ ಮಾತಿನ ಮೇಲೆ ಹಿಡಿತವಿರುವುದಿಲ್ಲ. ಸ್ವಯಂಪ್ರೇರಿತ ಪರೀಕ್ಷೆಯ ನೆರವಿನಿಂದ ಮುಂದೆ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಬಳಸಬಹುದು.

ಇನ್ನೊಂದು 1985ರ ಮಾದಕ ವಸ್ತು ಕಾಯ್ದೆ. ಅದರ 50ನೇ ಕಲಂ ಪ್ರಕಾರ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ಮೈ ಶೋಧ ನಡೆಯಲಿ ಎಂದು ಕೇಳುವ ಹಕ್ಕು ಇದೆ ಎಂಬುದನ್ನು ಶೋಧಕ್ಕೊಳಗಾಗುವವನಿಗೆ ಮೊದಲೇ ತಿಳಿಸಬೇಕು. ತಿಳಿಸದೆ ಶೋಧಿಸಿದರೆ ಜೇಬಿನಲ್ಲಿ ಸಿಕ್ಕಿದ ಮಾದಕ ವಸ್ತುವನ್ನು ಆತನ ವಿರುದ್ಧ ಪುರಾವೆಯಾಗಿ ಬಳಸುವಂತಿಲ್ಲ ಎಂದು 1999ರ ಬಲದೇವ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿತು. ಈ ಕಾಯ್ದೆಯ ಶಿಕ್ಷೆಗಳು ಕಠೋರ, ಆದ್ದರಿಂದ ರಕ್ಷಣೆಯೂ ಅಷ್ಟೇ ಗಟ್ಟಿಯಾಗಿರಬೇಕು ಎಂಬುದು ಅದರ ನಿಲುವು. ಈ ರಕ್ಷಣೆ ಮೈ ಶೋಧಕ್ಕೆ ಮಾತ್ರ, ಕೈಯಲ್ಲಿ ಹಿಡಿದ ಚೀಲಕ್ಕಲ್ಲ.

ಖಾಸಗಿತನ ಮೂಲಭೂತ ಹಕ್ಕಾದ ಮೇಲೆ

ಮಲ್ಕಾನಿ, ಪೂರಣ್ ಮಲ್ ತೀರ್ಪುಗಳು ಬಂದ ಕಾಲಕ್ಕೆ ಖಾಸಗಿತನ ಮೂಲಭೂತ ಹಕ್ಕೆಂದು ಸ್ಪಷ್ಟವಾಗಿ ಸ್ಥಾಪಿತವಾಗಿರಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ಒಮ್ಮತದಿಂದ ಸ್ಥಾಪಿಸಿತು. ಹಾಗಾದರೆ ಆ ಹಕ್ಕನ್ನು ಮುರಿದು ತಂದ ಸಾಕ್ಷ್ಯದ ಗತಿಯೇನು? ಪೂರಣ್ ಮಲ್ ತೀರ್ಪನ್ನು ಯಾರೂ ರದ್ದುಪಡಿಸಿಲ್ಲ. ಆದರೆ ಬಿರುಕುಗಳು ಕಾಣಿಸಿಕೊಂಡಿವೆ. ಲಂಚ ಪ್ರಕರಣವೊಂದರಲ್ಲಿ ಉದ್ಯಮಿಯೊಬ್ಬರ ದೂರವಾಣಿ ಕದ್ದಾಲಿಕೆಗೆ ನೀಡಿದ್ದ ಆದೇಶಗಳನ್ನು ಬಾಂಬೆ ಹೈಕೋರ್ಟ್ 2019ರಲ್ಲಿ ರದ್ದುಮಾಡಿತು, ಧ್ವನಿಮುದ್ರಿಕೆಗಳನ್ನು ನಾಶಪಡಿಸಲೂ ಹೇಳಿತು. ಮೊಬೈಲನ್ನು ಶೋಧಿಸಲು ಸಾಮಾನ್ಯವಾಗಿ ವಾರಂಟ್ ಬೇಕು, ತನಿಖಾಧಿಕಾರಿ ಮನಬಂದಂತೆ ಅದನ್ನು ತೆರೆಯುವಂತಿಲ್ಲ ಎಂದು 2021ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಆದರೆ ಪಾಸ್‌ವರ್ಡ್ ಕೊಡುವಂತೆ ನ್ಯಾಯಾಲಯ ಆದೇಶಿಸಿದರೆ ಅದು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿದಂತಾಗದು ಎಂದೂ ಅದೇ ತೀರ್ಪು ಹೇಳುತ್ತದೆ.

ಗಂಡ ಅಥವಾ ಹೆಂಡತಿ ಇನ್ನೊಬ್ಬರಿಗೆ ತಿಳಿಯದಂತೆ ಮಾಡಿಕೊಂಡ ಧ್ವನಿಮುದ್ರಣವನ್ನು ಸ್ವೀಕರಿಸಬಹುದೆಂದು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪನ್ನು ಹಲವರು ಇದರೊಂದಿಗೆ ಬೆರೆಸುತ್ತಾರೆ. ಅದು ವೈವಾಹಿಕ ವ್ಯಾಜ್ಯದ ವಿಷಯ. ಅಲ್ಲಿ ಎದುರಿಗಿದ್ದದ್ದು ಪ್ರಭುತ್ವವಲ್ಲ, ಇನ್ನೊಬ್ಬ ವ್ಯಕ್ತಿ. ಡಿಜಿಟಲ್ ದಾಖಲೆಗೆ ಸಾಮಾನ್ಯವಾಗಿ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು ಎಂಬುದೂ ಬೇರೆ ಮಾತು. ಆ ದಾಖಲೆ ತಿದ್ದಿದ್ದಲ್ಲ ಎಂಬ ಭರವಸೆಯನ್ನು ಅದು ಕೊಡುತ್ತದೆ, ಸಿಕ್ಕ ದಾರಿ ಸರಿಯೇ ಎಂಬುದಕ್ಕೆ ಉತ್ತರಿಸುವುದಿಲ್ಲ.

ತೂಗಿ ನೋಡುವ ಮಧ್ಯಮ ಮಾರ್ಗ

ಎಲ್ಲವನ್ನೂ ಒಳಬಿಡುವುದಕ್ಕೂ ಎಲ್ಲವನ್ನೂ ಹೊರಗಟ್ಟುವುದಕ್ಕೂ ನಡುವೆ ಮೂರನೆಯ ದಾರಿಯಿದೆ. ಹಳೆಯ ನಿಯಮದ ತವರಾದ ಇಂಗ್ಲೆಂಡೇ 1984ರ ಕಾಯ್ದೆಯ ಮೂಲಕ, ವಿಚಾರಣೆಯ ನ್ಯಾಯಪರತೆಗೆ ಧಕ್ಕೆ ತರುವ ಸಾಕ್ಷ್ಯವನ್ನು ನಿರಾಕರಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತು. ಚಿತ್ರಹಿಂಸೆಯಿಂದ ಬಂದ ಸಾಕ್ಷ್ಯ ಯಾವ ದೇಶದಲ್ಲಿ ಹುಟ್ಟಿದ್ದರೂ ಬೇಡ ಎಂದು 2005ರಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಕೆನಡಾದ 1982ರ ಹಕ್ಕುಗಳ ಸನ್ನದು, ಸಾಕ್ಷ್ಯವನ್ನು ಒಪ್ಪಿದರೆ ನ್ಯಾಯಾಂಗದ ಗೌರವಕ್ಕೇ ಕುಂದು ಬರುತ್ತದೆಯೇ ಎಂದು ಕೇಳುತ್ತದೆ. ಉತ್ತರ ಹೌದಾದರೆ ಸಾಕ್ಷ್ಯ ಹೊರಗೆ.

ಭಾರತದ ಕಾನೂನು ಆಯೋಗ 1983ರಲ್ಲೇ ತನ್ನ 94ನೇ ವರದಿಯಲ್ಲಿ ಇಂಥದ್ದೇ ಹೊಸ ಕಲಮನ್ನು ಸೂಚಿಸಿತ್ತು. ಮಾನವ ಘನತೆಗೆ ಎಷ್ಟು ಧಕ್ಕೆಯಾಗಿದೆ, ಅಪರಾಧ ಎಷ್ಟು ಗಂಭೀರ, ಸಾಕ್ಷ್ಯ ಎಷ್ಟು ಮುಖ್ಯ, ತಪ್ಪು ಬೇಕೆಂದೇ ಮಾಡಿದ್ದೇ ಎಂಬುದನ್ನೆಲ್ಲ ತೂಗಿ ನ್ಯಾಯಾಧೀಶರು ನಿರ್ಧರಿಸಲಿ ಎಂಬುದು ಸಲಹೆ. ಅದು ಕಾನೂನಾಗಲಿಲ್ಲ. ನಲವತ್ತು ವರ್ಷಗಳ ನಂತರ ಸಾಕ್ಷ್ಯ ಕಾಯ್ದೆಯನ್ನೇ ಬದಲಿಸಿ ಬರೆದಾಗಲೂ ಅದಕ್ಕೆ ಜಾಗ ಸಿಗಲಿಲ್ಲ. ಇದೊಂದು ಕೈತಪ್ಪಿದ ಅವಕಾಶ.

ಈಗ ನ್ಯಾಯಾಲಯಗಳ ಮುಂದೆ ಬರುವ ಪ್ರಶ್ನೆ

ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ ಮತ್ತು ಜಪ್ತಿಯ ಇಡೀ ಪ್ರಕ್ರಿಯೆಯನ್ನು, ಪಟ್ಟಿ ತಯಾರಿಸಿ ಪಂಚರ ಸಹಿ ಪಡೆಯುವುದೂ ಸೇರಿದಂತೆ, ಧ್ವನಿ ಸಹಿತ ವಿಡಿಯೊ ಮಾಡಬೇಕು ಎನ್ನುತ್ತದೆ. ಆ ವಿಡಿಯೊವನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಠಾಣೆಯಲ್ಲೇ ಕುಳಿತು ಮಹಜರು ಬರೆದರು, ಪಂಚರಿಂದ ಖಾಲಿ ಹಾಳೆಗೆ ಸಹಿ ಹಾಕಿಸಿದರು ಎಂಬ ಹಳೆಯ ಆರೋಪಗಳಿಗೆ ಇದು ಉತ್ತರವಾಗಬಲ್ಲದು. ಪಂಚರು ಪ್ರತಿಕೂಲ ಸಾಕ್ಷಿಗಳಾದಾಗ ಪ್ರಾಸಿಕ್ಯೂಷನ್‌ಗೂ ಆಸರೆಯಾಗಬಲ್ಲದು.

ವಿಡಿಯೊ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಆ ಕಲಂ ಹೇಳುವುದಿಲ್ಲ. ಪೂರಣ್ ಮಲ್ ದಾರಿಯಲ್ಲಿ ನಡೆದರೆ ಜಪ್ತಿಯಾದ ವಸ್ತು ಒಳಗೇ ಉಳಿಯುತ್ತದೆ, ಅದರ ನಂಬಿಕೆ ಕುಗ್ಗಬಹುದಷ್ಟೇ. ಬಲದೇವ್ ಸಿಂಗ್ ದಾರಿಯಲ್ಲಿ ನಡೆದರೆ ವಸ್ತುವೇ ಹೊರಗೆ. ವಿಡಿಯೊ ಇಲ್ಲದ ಪ್ರತಿ ಜಪ್ತಿಯ ಪ್ರಕರಣದಲ್ಲೂ ಆರೋಪಿಯ ವಕೀಲರು ಎರಡನೆಯ ದಾರಿಯನ್ನೂ ಸರ್ಕಾರಿ ಅಭಿಯೋಜಕರು ಮೊದಲನೆಯದನ್ನೂ ಕೇಳುತ್ತಾರೆ.